‘ನಾನೂ ಮಾಡುತ್ತೇನೆ’ ಎನ್ನುವ ಮಗುವಿಗೆ ಮನೆಯಲ್ಲಿ ಏನು ಕೆಲಸ ಕೊಡಬೇಕು?

[ದೃಶ್ಯ: ನೆಲದ ಮೇಲೆ ಒಣಗಿದ ಬಟ್ಟೆಗಳ ರಾಶಿ. ದೊಡ್ಡವರೊಬ್ಬರು ಕುಳಿತು ಮಡಚುತ್ತಿದ್ದಾರೆ. ಪಕ್ಕದಿಂದ ಪುಟ್ಟ ಕೈಯೊಂದು ಬಂದು ಟವೆಲ್‌ ಎಳೆಯುತ್ತದೆ.]

ನಿರೂಪಕಿ: ನಮಸ್ಕಾರ. ಎರಡು-ಮೂರು ವರ್ಷದ ಮಗು ಇರುವ ಮನೆಯಲ್ಲಿ ಎದ್ದಾಗಿನಿಂದ ಮಲಗುವವರೆಗೂ ಕೇಳಿಬರುವ ಮಾತು, ‘ನಾನೂ ಮಾಡುತ್ತೇನೆ’. ಅದಕ್ಕೆ ನಮ್ಮ ಬಾಯಿಂದ ತಟ್ಟನೆ ಬರುವ ಉತ್ತರ, ‘ನಿನ್ನ ಕೈಯಲ್ಲಿ ಆಗುವುದಿಲ್ಲ, ಹೋಗಿ ಆಡಿಕೋ’. ಕೆಲಸ ಬೇಗ ಮುಗಿಯಬೇಕು ಎನ್ನುವ ನಮ್ಮ ಅವಸರ ಸುಳ್ಳಲ್ಲ. ಆದರೆ ಹಾಗೆ ಕಳುಹಿಸಿದ ಮಗುವಿಗೇ ಬಣ್ಣ ಗುರುತಿಸಲು, ಜೋಡಿ ಹೊಂದಿಸಲು, ಎಣಿಸಲು ಬರಲಿ ಎಂದು ಮತ್ತೆ ನಾವೇ ಆಟಿಕೆ, ಅಭ್ಯಾಸ ಪುಸ್ತಕ ಕೊಂಡು ತರುತ್ತೇವೆ. ಅದೆಲ್ಲ ಈ ಬಟ್ಟೆಯ ರಾಶಿಯಲ್ಲೇ ಇತ್ತು. ಹೇಗೆ ಎಂದು ಇಂದು ನೋಡೋಣ.

[ದೃಶ್ಯ: ಹತ್ತಿರದಿಂದ. ಹರಡಿದ ಕಾಲುಚೀಲಗಳು. ಮಗು ಒಂದನ್ನು ಎತ್ತಿಕೊಂಡು ಇನ್ನೊಂದರ ಪಕ್ಕ ಹಿಡಿಯುತ್ತದೆ.]

ಕಾಲುಚೀಲದಿಂದಲೇ ಶುರು ಮಾಡೋಣ. ಮಗು ಕೆಂಪು ಕಾಲುಚೀಲ ಹಿಡಿದಿದೆ. ಮುಂದೆ ಇನ್ನೂ ಎರಡು ಕೆಂಪು ಬಿದ್ದಿವೆ, ಒಂದು ದೊಡ್ಡದು, ಒಂದು ಚಿಕ್ಕದು. ಬಣ್ಣ ಸರಿಹೊಂದಿದರೂ ಅಳತೆ ಹೊಂದುತ್ತಿಲ್ಲ. ಮಗು ದೊಡ್ಡದನ್ನು ಪಕ್ಕದಲ್ಲಿಟ್ಟು ನೋಡುತ್ತದೆ, ಬೇಡವೆಂದು ಬಿಡುತ್ತದೆ, ಚಿಕ್ಕದನ್ನು ಎತ್ತಿಕೊಳ್ಳುತ್ತದೆ. ಆ ಕೆಲವು ಕ್ಷಣಗಳಲ್ಲಿ ಅದು ಎರಡು ಗುಣಗಳನ್ನು ಒಟ್ಟಿಗೆ ಮನಸ್ಸಿನಲ್ಲಿಟ್ಟುಕೊಂಡು ಹೋಲಿಸಿತು. ಗಣಿತಕ್ಕೆ ಬೇಕಾದ ವಿಂಗಡಣೆಯ ಬುದ್ಧಿ ಬೆಳೆಯುವುದು ಹೀಗೆಯೇ. ಈ ಹೊತ್ತಿನಲ್ಲಿ ನಾವು ಮಾಡಬಹುದಾದ ದೊಡ್ಡ ಉಪಕಾರವೆಂದರೆ ಸರಿಯಾದ ಜೋಡಿಯನ್ನು ಎತ್ತಿಕೊಡದೆ ಇರುವುದು.

ಕರವಸ್ತ್ರ ಮಡಚುವಾಗ ಮಗುವಿಗೆ ಅರ್ಧ, ಕಾಲು ಎಂಬುದು ಕಣ್ಣಿಗೆ ಕಾಣುತ್ತದೆ. ಮೂಲೆಗೆ ಮೂಲೆ ಕೂಡಿಸುವಾಗ ಎರಡೂ ಕೈ ಒಟ್ಟಿಗೆ ದುಡಿಯಬೇಕು. ಬಟ್ಟೆಗೆ ಸಿಕ್ಕಿಸುವ ಕ್ಲಿಪ್ಪನ್ನು ಒತ್ತುವಾಗ ಹೆಬ್ಬೆರಳು ಮತ್ತು ತೋರುಬೆರಳಿಗೆ ಬಲ ಬರುತ್ತದೆ. ಮುಂದೆ ಪೆನ್ಸಿಲ್‌ ಹಿಡಿಯಬೇಕಾದ ಬೆರಳುಗಳೂ ಇವೇ. ನಾಲ್ಕು ವರ್ಷದ ಮಗುವನ್ನು ಅಕ್ಷರ ತಿದ್ದಲು ಗಂಟೆಗಟ್ಟಲೆ ಕೂರಿಸುವುದಕ್ಕಿಂತ, ಮೊದಲು ಬಟ್ಟೆ ಹಿಂಡಲು, ಗುಂಡಿ ಹಾಕಲು, ಹಿಟ್ಟು ನಾದಲು ಬಿಡುವುದು ಒಳ್ಳೆಯದೆಂದು ನಾನು ನಂಬಿದ್ದೇನೆ.

ಇದು ಹೊಸ ವಿಚಾರವೇನೂ ಅಲ್ಲ. ಇಟಲಿಯ ಶಿಕ್ಷಣ ತಜ್ಞೆ ಮಾರಿಯಾ ಮಾಂಟೆಸ್ಸರಿ 1907ರಲ್ಲಿ ರೋಮ್‌ ನಗರದ ಬಡ ಬಡಾವಣೆಯೊಂದರಲ್ಲಿ ತೆರೆದ ‘ಮಕ್ಕಳ ಮನೆ’ ಎಂಬ ಶಾಲೆಯಲ್ಲಿ ನೀರು ಸುರಿಯುವುದು, ಗುಡಿಸುವುದು, ಗುಂಡಿ ಹಾಕುವುದು ಇವೆಲ್ಲ ಕಲಿಕೆಯ ಭಾಗವೇ ಆಗಿದ್ದವು. ಅಲ್ಲಿ ಅದಕ್ಕೆಂದೇ ಪುಟ್ಟ ಗಾತ್ರದ ಸಾಮಾನುಗಳನ್ನು ಇಡಬೇಕಾಗಿತ್ತು. ನಿಮ್ಮ ಮನೆಯಲ್ಲಿ ಕೆಲಸ ಈಗಾಗಲೇ ಇದೆ. ಮಗುವಿನ ಕೈಗೆ ಎಟಕುವಂತೆ ಮಾಡಿಕೊಟ್ಟರೆ ಸಾಕು.

[ದೃಶ್ಯ: ಊಟಕ್ಕೆ ತಟ್ಟೆಗಳನ್ನು ಇಟ್ಟಿದೆ. ಮಗುವಿನ ಕೈಯಲ್ಲಿ ಚಮಚಗಳು.]

ಈಗ ಎಣಿಕೆಗೆ ಬರೋಣ. ‘ನಮ್ಮ ಮಗು ಇಪ್ಪತ್ತರವರೆಗೆ ಹೇಳುತ್ತದೆ’ ಎಂದು ಸಂತೋಷಪಡುತ್ತೇವೆ. ಸಂಖ್ಯೆಗಳನ್ನು ಹಾಡಿನಂತೆ ಒಪ್ಪಿಸುವುದು ಒಂದು, ಎಣಿಸುವುದು ಇನ್ನೊಂದು. ರೊಚೆಲ್‌ ಗೆಲ್ಮನ್‌ ಮತ್ತು ಗ್ಯಾಲಿಸ್ಟಲ್‌ ಎಂಬ ಇಬ್ಬರು ಮನೋವಿಜ್ಞಾನಿಗಳು 1978ರಲ್ಲಿ ಎಣಿಕೆಯ ಹಿಂದಿರುವ ಐದು ತತ್ವಗಳನ್ನು ವಿವರಿಸಿದರು. ಮನೆಮಟ್ಟಿಗೆ ಅವುಗಳಲ್ಲಿ ಎರಡು ತಿಳಿದಿದ್ದರೆ ಸಾಕು. ಮೊದಲನೆಯದು, ಒಂದು ವಸ್ತುವಿಗೆ ಒಂದೇ ಸಂಖ್ಯೆ. ಒಂದು ತಟ್ಟೆಗೆ ಒಂದು ಚಮಚ ಇಡುತ್ತಾ ಹೋದಾಗ ಇದು ಕೈಗೆ ಅಭ್ಯಾಸವಾಗುತ್ತದೆ. ಎರಡನೆಯದು, ಕೊನೆಯಲ್ಲಿ ಹೇಳಿದ ಸಂಖ್ಯೆಯೇ ಒಟ್ಟು ಎಷ್ಟು ಎಂಬುದಕ್ಕೆ ಉತ್ತರ.

ಇದನ್ನು ನೀವೇ ಪರೀಕ್ಷಿಸಬಹುದು. ಮಗು ಚಮಚಗಳನ್ನು ‘ಒಂದು, ಎರಡು, ಮೂರು, ನಾಲ್ಕು’ ಎಂದು ಎಣಿಸಿ ಮುಗಿಸಿದ ಕೂಡಲೇ ‘ಹಾಗಾದರೆ ಎಷ್ಟು ಚಮಚ ಇವೆ?’ ಎಂದು ಕೇಳಿ. ಮಗು ಮತ್ತೆ ‘ಒಂದು, ಎರಡು...’ ಎಂದು ಮೊದಲಿನಿಂದ ಶುರು ಮಾಡಿದರೆ ಗಾಬರಿ ಬೇಡ. ಎರಡನೆಯ ತತ್ವ ಇನ್ನೂ ಗಟ್ಟಿಯಾಗಿಲ್ಲ, ಅಷ್ಟೇ. ‘ನಾಲ್ಕು ಇವೆ, ನಾವು ನಾಲ್ಕು ಜನ ಇದ್ದೇವೆ’ ಎಂದು ಹೇಳಿ ಊಟಕ್ಕೆ ಕುಳಿತುಬಿಡಿ. ನಾಳೆಯೂ ಊಟ ಇರುತ್ತದೆ, ನಾಳೆಯೂ ಎಣಿಕೆ ಇರುತ್ತದೆ.

[ದೃಶ್ಯ: ಒಂದೇ ಅಳತೆಯ ಎರಡು ಲೋಟಗಳಲ್ಲಿ ಸಮನಾಗಿ ನೀರು. ಒಂದರ ನೀರನ್ನು ಎತ್ತರದ, ಸಣ್ಣ ಬಾಯಿಯ ಲೋಟಕ್ಕೆ ಸುರಿಯುತ್ತಾರೆ.]

ಸ್ನಾನದ ಹೊತ್ತಿನಲ್ಲೋ ಗಿಡಗಳಿಗೆ ನೀರು ಹಾಕುವಾಗಲೋ ಬೇರೆ ಬೇರೆ ಆಕಾರದ ಪಾತ್ರೆಗಳನ್ನು ಮಗುವಿಗೆ ಕೊಡಿ. ಈ ದೃಶ್ಯದಲ್ಲಿರುವುದು ಸ್ವಿಟ್ಜರ್ಲೆಂಡ್‌ನ ಮನೋವಿಜ್ಞಾನಿ ಜೀನ್‌ ಪಿಯಾಜೆ ಹೆಸರಿನೊಂದಿಗೆ ಸೇರಿಹೋಗಿರುವ ಪ್ರಸಿದ್ಧ ಪ್ರಯೋಗ. ಮಗುವಿನ ಕಣ್ಣೆದುರೇ ಸುರಿದರೂ, ನಾಲ್ಕೈದು ವರ್ಷದ ಮಕ್ಕಳಲ್ಲಿ ಹೆಚ್ಚಿನವರು ಎತ್ತರದ ಲೋಟದಲ್ಲೇ ಹೆಚ್ಚು ನೀರಿದೆ ಎನ್ನುತ್ತಾರೆ. ಸಾಮಾನ್ಯವಾಗಿ ಆರೇಳು ವರ್ಷದ ಹೊತ್ತಿಗೆ ಈ ತಿಳಿವಳಿಕೆ ಬದಲಾಗುತ್ತದೆ. ಆದ್ದರಿಂದ ‘ಅಷ್ಟೂ ತಿಳಿಯುವುದಿಲ್ಲವೇ’ ಎಂದು ತಿದ್ದಬೇಡಿ. ‘ವಾಪಸ್‌ ಸುರಿದರೆ ಏನಾಗಬಹುದು?’ ಎಂದು ಕೇಳಿ, ಸುರಿಯಲು ಬಿಡಿ. ನೆಲ ಒದ್ದೆಯಾಗುತ್ತದೆ. ಒಂದು ಬಟ್ಟೆ ಕೊಟ್ಟು ಮಗುವಿನ ಕೈಯಲ್ಲೇ ಒರೆಸಿ. ಅದೂ ಅದಕ್ಕೆ ಇಷ್ಟದ ಕೆಲಸವೇ.

ಇಲ್ಲೊಂದು ಎಚ್ಚರಿಕೆ, ಇದರಲ್ಲಿ ರಿಯಾಯಿತಿ ಇಲ್ಲ. ಬಕೆಟ್‌ನಲ್ಲಿ ಸ್ವಲ್ಪವೇ ನೀರಿದ್ದರೂ ಪುಟ್ಟ ಮಗುವನ್ನು ಅದರ ಬಳಿ ಒಂಟಿಯಾಗಿ ಬಿಡಬೇಡಿ, ಫೋನ್‌ ಬಂದರೂ ಸರಿ. ಮೂರು ವರ್ಷದೊಳಗಿನ ಮಕ್ಕಳ ಕೈಗೆ ಗುಂಡಿ, ನಾಣ್ಯ, ಕಾಳಿನಂಥ ಚಿಕ್ಕ ವಸ್ತುಗಳನ್ನು ಎಣಿಸಲು ಕೊಡಬೇಡಿ, ಗಂಟಲಿಗೆ ಸಿಕ್ಕಿಕೊಳ್ಳಬಹುದು. ಒಲೆ, ಚಾಕು, ಸ್ವಚ್ಛಗೊಳಿಸುವ ರಾಸಾಯನಿಕಗಳು ದೂರ ಇರಲಿ.

[ದೃಶ್ಯ: ಮಗು ಮತ್ತು ದೊಡ್ಡವರು ಮುಖಾಮುಖಿ ಕುಳಿತು ತರಕಾರಿಗಳನ್ನು ವಿಂಗಡಿಸುತ್ತಿದ್ದಾರೆ.]

ಕೆಲಸದ ಜೊತೆಗೆ ಮಾತು. ನನ್ನ ಪ್ರಕಾರ ಇಡೀ ವಿಷಯದ ಜೀವಾಳ ಇದೇ. ಮಗುವಿನ ಜೊತೆ ತುಂಬಾ ಮಾತನಾಡಿ ಎಂದು ಎಲ್ಲರೂ ಹೇಳುತ್ತಾರೆ, ನಾವೂ ಒಂದೇ ಸಮನೆ ಮಾತನಾಡುತ್ತೇವೆ. 2018ರಲ್ಲಿ ಪ್ರಕಟವಾದ ಒಂದು ಅಧ್ಯಯನದಲ್ಲಿ ರೇಚಲ್‌ ರೋಮಿಯೊ ಮತ್ತು ಸಂಗಡಿಗರು 4ರಿಂದ 6 ವರ್ಷದ ಮಕ್ಕಳ ಮನೆಯ ಮಾತುಗಳನ್ನು ಧ್ವನಿಮುದ್ರಿಸಿ, ಕಥೆ ಕೇಳುವಾಗ ಆ ಮಕ್ಕಳ ಮೆದುಳಿನಲ್ಲಿ ಏನಾಗುತ್ತದೆಂದು ನೋಡಿದರು. ದೊಡ್ಡವರು ಎಷ್ಟು ಪದ ಆಡಿದರು ಎಂಬುದಕ್ಕಿಂತ, ಮಗು ಮತ್ತು ದೊಡ್ಡವರ ನಡುವೆ ಮಾತು ಎಷ್ಟು ಸಲ ಆಚೀಚೆ ಓಡಾಡಿತು ಎಂಬುದಕ್ಕೂ ಮೆದುಳಿನ ಭಾಷಾ ಭಾಗದ ಚಟುವಟಿಕೆಗೂ ಹೆಚ್ಚಿನ ನಂಟು ಕಂಡಿತು. ಮನೆಯ ಆದಾಯವನ್ನು ಲೆಕ್ಕಕ್ಕೆ ತೆಗೆದುಕೊಂಡರೂ ಆ ನಂಟು ಉಳಿದಿತ್ತು.

ಅಂದರೆ ಪ್ರಶ್ನೆ ಕೇಳಿದ ಮೇಲೆ ಕಾಯಬೇಕು. ಮೇರಿ ಬಡ್‌ ರೋ ಎಂಬ ಸಂಶೋಧಕಿ ತರಗತಿಗಳನ್ನು ಗಮನಿಸಿದಾಗ, ಶಿಕ್ಷಕರು ಪ್ರಶ್ನೆ ಕೇಳಿ ಸುಮಾರು 1 ಸೆಕೆಂಡ್‌ ಮಾತ್ರ ಕಾಯುತ್ತಿದ್ದರು. ಅದನ್ನು 3 ಸೆಕೆಂಡ್‌ ಅಥವಾ ಅದಕ್ಕಿಂತ ಹೆಚ್ಚು ಮಾಡಿದಾಗ ಮಕ್ಕಳ ಉತ್ತರಗಳು ಉದ್ದವಾದವು, ಸುಮ್ಮನಿರುವವರ ಸಂಖ್ಯೆ ಕಡಿಮೆಯಾಯಿತು. ಮನೆಯಲ್ಲೂ ಪ್ರಯತ್ನಿಸಿ. ‘ಇದು ಯಾವ ಬಣ್ಣ?’ ಎಂದು ಪರೀಕ್ಷೆಯಂತೆ ಕೇಳುವ ಬದಲು ‘ಈ ಎರಡನ್ನೂ ಒಂದೇ ಕಡೆ ಏಕೆ ಇಟ್ಟೆ?’ ಎಂದು ಕೇಳಿ, ಬಾಯಿ ಮುಚ್ಚಿಕೊಂಡು ಮನಸ್ಸಿನಲ್ಲೇ ಐದರವರೆಗೆ ಎಣಿಸಿ. ಮಗು ‘ಇವೆರಡಕ್ಕೂ ಬಾಲ ಇದೆ’ ಎನ್ನಬಹುದು. ನೀವು ಬಣ್ಣ ನೋಡುತ್ತಿದ್ದಿರಿ, ಅದು ತೊಟ್ಟು ನೋಡುತ್ತಿತ್ತು. ‘ಹೌದಲ್ಲ, ಅದಕ್ಕೆ ತೊಟ್ಟು ಎನ್ನುತ್ತಾರೆ’ ಎಂದರೆ ಹೊಸ ಪದವೊಂದು ತಾನಾಗಿ ಸೇರಿಕೊಳ್ಳುತ್ತದೆ. ನಿಮಗೆ ಸರಾಗವಾಗಿ ಬರುವ ಭಾಷೆಯಲ್ಲೇ ಮಾತನಾಡಿ. ತಡವರಿಸುವ ಭಾಷೆಯಲ್ಲಿ ಇಂಥ ಮಾತುಕತೆ ಮುಂದುವರಿಯುವುದು ಕಷ್ಟ.

[ದೃಶ್ಯ: ಮಗು ಜಾಕೆಟ್‌ನ ಜಿಪ್‌ ಹಾಕಿಕೊಳ್ಳಲು ಒದ್ದಾಡುತ್ತಿದೆ.]

ಎಷ್ಟು ಸಹಾಯ ಮಾಡಬೇಕು ಎನ್ನುವುದು ಹೆತ್ತವರನ್ನು ಕಾಡುವ ಪ್ರಶ್ನೆ. ಇದಕ್ಕೊಂದು ಸುಲಭ ಉಪಾಯವಿದೆ: ಕೆಲಸದ ಕೊನೆಯ ಹೆಜ್ಜೆಯನ್ನು ಮಗುವಿಗೆ ಬಿಡಿ. ಜಿಪ್ಪಿನ ಎರಡು ತುದಿ ಕೂಡಿಸಿ ಅರ್ಧದವರೆಗೆ ನೀವು ಎಳೆಯಿರಿ, ಮೇಲಿನರ್ಧ ಮಗು ಎಳೆಯಲಿ. ಕೆಲಸ ಮುಗಿದ ಖುಷಿ ಅದರ ಪಾಲಿಗೆ ಸಿಗುತ್ತದೆ. ಅದು ಸಲೀಸಾದ ಮೇಲೆ ಕಾಲು ಭಾಗದವರೆಗೆ ಮಾತ್ರ ಎಳೆದು ಬಿಡಿ. ಹೀಗೆ ಹಿಂದೆ ಹಿಂದೆ ಸರಿಯುತ್ತಾ ಹೋಗಿ. ಹೊರಡುವ ಗಡಿಬಿಡಿಯಲ್ಲಿ ಇದು ಸಾಧ್ಯವಿಲ್ಲ, ಆಗ ನೀವೇ ಹಾಕಿಬಿಡಿ. ಕಚೇರಿ ಮುಗಿಸಿ ದಣಿದು ಬಂದ ದಿನವೂ ಅಷ್ಟೇ. ದಿನಕ್ಕೆ ಒಂದು ಕೆಲಸ, ನಿಮಗೆ ಪುರುಸೊತ್ತಿರುವ ಹೊತ್ತಿನಲ್ಲಿ, ಸಾಕಾಗುತ್ತದೆ.

[ದೃಶ್ಯ: ಬಟ್ಟೆ ಒಣಹಾಕುವಾಗ ಕ್ಲಿಪ್‌ ಕೆಳಗೆ ಬೀಳುತ್ತದೆ. ಮಗು ಓಡಿ ಬಂದು ಎತ್ತಿಕೊಡುತ್ತದೆ.]

ಕೊನೆಗೆ, ಕೆಲಸ ಮಾಡಿದ್ದಕ್ಕೆ ಚಾಕೊಲೇಟ್‌ ಕೊಡಬೇಕೇ? ಫೆಲಿಕ್ಸ್‌ ವಾರ್ನೆಕೆನ್‌ ಮತ್ತು ಮೈಕಲ್‌ ಟೊಮಾಸೆಲ್ಲೊ 2006ರಲ್ಲಿ ಪ್ರಕಟಿಸಿದ ಪ್ರಯೋಗದಲ್ಲಿ ಈ ದೃಶ್ಯವೇ ನಡೆದಿತ್ತು. ಬಟ್ಟೆ ಒಣಹಾಕುತ್ತಿದ್ದ ದೊಡ್ಡವರ ಕೈಯಿಂದ ಕ್ಲಿಪ್‌ ಜಾರಿ ಬಿದ್ದು, ಅವರು ಕೈಚಾಚಿದರೂ ಎಟಕದಿದ್ದಾಗ, 18 ತಿಂಗಳ ಮಕ್ಕಳು ಯಾರೂ ಕೇಳದೆ, ಏನೂ ಕೊಡದೆ ತಾವಾಗಿ ಎತ್ತಿಕೊಟ್ಟರು. ಇದೇ ಇಬ್ಬರು 2008ರಲ್ಲಿ ಪ್ರಕಟಿಸಿದ ಇನ್ನೊಂದು ಪ್ರಯೋಗದಲ್ಲಿ, ಸಹಾಯಕ್ಕೆ ಪ್ರತಿಯಾಗಿ ಆಟದ ವಸ್ತು ಪಡೆದ 20 ತಿಂಗಳ ಮಕ್ಕಳು ಮುಂದೆ ಸಹಾಯ ಮಾಡಿದ್ದು ಕಡಿಮೆ. ಬರೀ ಮೆಚ್ಚುಗೆ ಪಡೆದವರು, ಏನೂ ಪಡೆಯದವರು ಹೆಚ್ಚು ಸಹಾಯ ಮಾಡಿದರು.

ಹಾಗಾಗಿ ಉಡುಗೊರೆ ಬೇಡ. ‘ಜಾಣ ಮರಿ’ ಎನ್ನುವುದರ ಜೊತೆಗೆ ನಡೆದದ್ದನ್ನೂ ಹೇಳಿ: ‘ನೀನು ಕ್ಲಿಪ್‌ ಎತ್ತಿಕೊಟ್ಟೆ, ನಾನು ಬಗ್ಗುವುದು ತಪ್ಪಿತು.’ ಈ ವಾರ ನಿಮ್ಮ ಮನೆಯ ಪುಟ್ಟ ಸಹಾಯಕರಿಗೆ ಯಾವ ಕೆಲಸ ಕೊಟ್ಟಿರಿ, ಅವರು ಅದನ್ನು ಹೇಗೆ ಮಾಡಿದರು ಎಂದು ನಮಗೆ ಬರೆದು ತಿಳಿಸಿ. ಮುಂದಿನ ವಿಡಿಯೋದಲ್ಲಿ ಮಲಗುವ ಮುನ್ನ ಕಥೆ ಹೇಳುವುದರ ಬಗ್ಗೆ ಮಾತನಾಡೋಣ. ನಮಸ್ಕಾರ.