ಶೆಲ್ ಇರಲಿ, ಕಮಾಂಡುಗಳನ್ನು ನಾವೇ ಆರಿಸೋಣ

ನಮಸ್ಕಾರ. ಸಣ್ಣ ಸಾಧನಗಳಿಗಾಗಿ ಇರುವ ಜೆಫಿರ್ ಎಂಬ ಆಪರೇಟಿಂಗ್ ಸಿಸ್ಟಮ್ಮಿನ ಕರ್ನಲ್ ಬಳಸಿ ಕಟ್ಟಿದ ಸಾಧನವನ್ನು ಗ್ರಾಹಕರಿಗೆ ಕಳಿಸುವ ಮುನ್ನಾದಿನ ಅನೇಕ ತಂಡಗಳು ಪಿಆರ್‌ಜೆ ಡಾಟ್ ಕಾನ್ಫ್ ಎಂಬ ಆಯ್ಕೆಗಳ ಕಡತ ತೆರೆದು, ‘ಕಾನ್ಫಿಗ್ ಶೆಲ್’ ಸಾಲಿನಲ್ಲಿರುವ ‘ವೈ’ಯನ್ನು ‘ಎನ್’ ಮಾಡಿ, ಭದ್ರತೆಯ ಕೆಲಸ ಮುಗಿಯಿತೆಂದು ಭಾವಿಸುತ್ತವೆ. ಶೆಲ್ ಎಂದರೆ ಕಮಾಂಡ್ ಟೈಪ್ ಮಾಡಿ ಸಾಧನದೊಡನೆ ಮಾತಾಡುವ ಸೌಲಭ್ಯ; ‘ವೈ’ ಇದ್ದರೆ ಅದು ಸೇರುತ್ತದೆ, ‘ಎನ್’ ಇದ್ದರೆ ಇಲ್ಲ. ಈ ರೂಢಿ ತಪ್ಪೆಂದು ನಾನು ಬಲವಾಗಿ ನಂಬುತ್ತೇನೆ. ಯಾವ ಕಮಾಂಡ್ ಉಳಿಯಬೇಕು, ಯಾವುದು ಹೋಗಬೇಕು ಎಂಬುದನ್ನು ಒಂದೊಂದಾಗಿ ನೋಡಿ ತೀರ್ಮಾನಿಸಬೇಕು.

ನಾನು ಕೆಲಸ ಮಾಡಿದ ಸಾಧನವೊಂದು ಗ್ರಾಹಕರ ಜಾಗದಲ್ಲಿ ಮಾತ್ರ ಎರಡು ಮೂರು ದಿನಕ್ಕೊಮ್ಮೆ ತಾನಾಗಿ ರೀಬೂಟ್ ಆಗುತ್ತಿತ್ತು. ನಮ್ಮ ಮೇಜಿನ ಮೇಲೆ ವಾರಗಟ್ಟಲೆ ಓಡಿಸಿದರೂ ಏನೂ ಆಗುತ್ತಿರಲಿಲ್ಲ. ಶೆಲ್ ತೆಗೆದುಹಾಕಿದ್ದರಿಂದ ಅಲ್ಲಿಗೆ ಹೋದರೂ ಬೋರ್ಡನ್ನು ಏನೂ ಕೇಳುವಂತಿರಲಿಲ್ಲ. ಕೊನೆಗೆ ಶೆಲ್ ಸೇರಿಸಿದ ಇಮೇಜನ್ನು (ಸಾಧನಕ್ಕೆ ತುಂಬುವ ಸಿದ್ಧ ತಂತ್ರಾಂಶವನ್ನು) ಹಾಕಿ, ಮರುದಿನ ಸ್ಟ್ಯಾಕ್ (ಪ್ರತಿ ಥ್ರೆಡ್ಡಿಗೆ, ಅಂದರೆ ಕರ್ನಲ್ ಓಡಿಸುವ ಪ್ರತ್ಯೇಕ ಕೆಲಸಕ್ಕೆ, ಮೀಸಲಿಟ್ಟ ಮೆಮೊರಿ) ಬಳಕೆ ತೋರಿಸುವ ಕಮಾಂಡ್ ಕೊಟ್ಟಾಗ, ಒಂದು ಥ್ರೆಡ್ಡಿನ 1024 ಬೈಟುಗಳಲ್ಲಿ 968 ಖರ್ಚಾಗಿ 56 ಮಾತ್ರ ಉಳಿದಿದ್ದವು. ಅದು ತುಂಬಿ ಮೀರಿದಾಗಲೇ ಸಾಧನ ರೀಬೂಟ್ ಆಗುತ್ತಿತ್ತು. ಆ ಒಂದು ಸಾಲು ಮೊದಲೇ ಸಿಕ್ಕಿದ್ದರೆ ಒಂದು ತಿಂಗಳು ಉಳಿಯುತ್ತಿತ್ತು.

ಈ ಅಂಕಿಗಳು ಬರಬೇಕಾದರೆ ‘ಕರ್ನಲ್ ಶೆಲ್’ ಎಂಬ ಆಯ್ಕೆ ಒಂದನ್ನೇ ಆನ್ ಮಾಡಿದರೆ ಸಾಲದು. ಥ್ರೆಡ್ಡುಗಳ ಪಟ್ಟಿಗೆ ‘ಥ್ರೆಡ್ ಮಾನಿಟರ್’ ಬೇಕು, ಅವುಗಳನ್ನು ಗುರುತಿಸಲು ‘ಥ್ರೆಡ್ ನೇಮ್’ ಬೇಕು, ಸ್ಟ್ಯಾಕಿನ ಅಳತೆಗೆ ‘ಥ್ರೆಡ್ ಸ್ಟ್ಯಾಕ್ ಇನ್ಫೋ’ ಮತ್ತು ‘ಇನಿಟ್ ಸ್ಟ್ಯಾಕ್ಸ್’ ಎರಡೂ ಬೇಕು. ಈ ಕೊನೆಯ ಆಯ್ಕೆಯನ್ನು ಮರೆಯುವವರೇ ಹೆಚ್ಚು. ಅದು ಥ್ರೆಡ್ ಹುಟ್ಟುವಾಗ ಇಡೀ ಸ್ಟ್ಯಾಕಿಗೆ ದಶಮಾನದಲ್ಲಿ 170 ಆಗುವ ಒಂದೇ ಬೈಟನ್ನು ತುಂಬಿಡುತ್ತದೆ. ಆಮೇಲೆ ಎಷ್ಟು ಬೈಟುಗಳು ಹಾಗೆಯೇ ಉಳಿದಿವೆ ಎಂದು ಎಣಿಸಿದರೆ, ಆ ಥ್ರೆಡ್ ಇದುವರೆಗೆ ಎಷ್ಟು ಆಳಕ್ಕೆ ಇಳಿದಿತ್ತೆಂಬುದು ತಿಳಿಯುತ್ತದೆ.

ಇವೆಲ್ಲ ಓದುವ ಕಮಾಂಡುಗಳು. ನನ್ನ ಆತಂಕ ಬರೆಯುವ ಕಮಾಂಡುಗಳ ಬಗ್ಗೆ. ಶೆಲ್ ಆನ್ ಮಾಡಿದೊಡನೆ ಮೆಮೊರಿಯನ್ನು ನೇರವಾಗಿ ಓದಿ ಬರೆಯುವ ‘ಡೆವ್‌ಮೆಮ್’ ಕೂಡ, ನಾವು ಕೇಳದಿದ್ದರೂ, ಜೊತೆಗೆ ಬರುತ್ತದೆ. ಯುಆರ್ಟ್ (ಬೋರ್ಡಿನ ಸರಣಿ ಸಂವಹನ) ಪಿನ್ನುಗಳಿಗೆ ತಂತಿ ಹಚ್ಚಿದ ಯಾರೇ ಆದರೂ ಅದರಿಂದ ರಿಜಿಸ್ಟರಿನ (ಚಿಪ್ಪಿನ ಭಾಗಗಳನ್ನು ನಿಯಂತ್ರಿಸುವ ಸ್ಥಾನದ) ಮೌಲ್ಯವನ್ನು ನೇರವಾಗಿ ಬದಲಿಸಬಹುದು. ಅಪ್‌ಡೇಟಿಗಾಗಿ ‘ಕಾನ್ಫಿಗ್ ರೀಬೂಟ್’ ಆನ್ ಮಾಡಿದವರಿಗೆ ಕರ್ನಲ್ ಶೆಲ್ಲಿನ ರೀಬೂಟ್ ಕಮಾಂಡೂ ಸದ್ದಿಲ್ಲದೆ ಸೇರಿಕೊಳ್ಳುತ್ತದೆ.

ಆದ್ದರಿಂದ ತಾನಾಗಿ ಬರುವ ಹೆಚ್ಚಿನ ಕಮಾಂಡುಗಳನ್ನು ಕೈಬಿಡುವ ‘ಶೆಲ್ ಮಿನಿಮಲ್’ ಆಯ್ಕೆಯಿಂದ ಆರಂಭಿಸಿ, ಬೇಕಾದ್ದನ್ನು ಮಾತ್ರ ಹೆಸರಿಸಿ ಸೇರಿಸುವುದು ಸರಿಯಾದ ದಾರಿಯೆಂಬುದು ನನ್ನ ಅಭಿಪ್ರಾಯ. ನಾವೇ ಬರೆದ ಕಮಾಂಡುಗಳಿಗೆ ಷರತ್ತಿನ ಮೇಲೆ ನೋಂದಾಯಿಸುವ ಮ್ಯಾಕ್ರೋ ಬಳಸಿ, ಪ್ರತಿಯೊಂದಕ್ಕೂ ಕೆಕಾನ್ಫಿಗ್‌ನಲ್ಲಿ (ಜೆಫಿರಿನ ಆಯ್ಕೆಗಳ ವ್ಯವಸ್ಥೆಯಲ್ಲಿ) ಒಂದು ಗುರುತು ಕೊಟ್ಟರೆ, ಬೇಡವಾದದ್ದು ಇಮೇಜಿಗೇ ಸೇರುವುದಿಲ್ಲ. ಬಿಲ್ಡ್ ಮುಗಿದ ಮೇಲೆ ಪಿಆರ್‌ಜೆ ಡಾಟ್ ಕಾನ್ಫ್ ಅನ್ನು ನಂಬದೆ, ಬಿಲ್ಡ್ ಕೋಶದೊಳಗೆ ತಯಾರಾದ, ಆಯ್ಕೆಗಳ ಅಂತಿಮ ಪಟ್ಟಿಯಿರುವ ಡಾಟ್ ಕಾನ್ಫಿಗ್ ಕಡತದಲ್ಲಿ ‘ಶೆಲ್’ ಎಂಬ ಪದವಿರುವ ಪ್ರತಿ ಸಾಲನ್ನೂ ಓದಿರಿ. ‘ಇದು ಏಕೆ ವೈ ಆಗಿದೆ’ ಎಂಬ ಪ್ರಶ್ನೆಗೆ ತಂಡದಲ್ಲಿ ಯಾರಿಂದಲೂ ಉತ್ತರ ಬಾರದ ಸಾಲನ್ನು ಆ ದಿನವೇ ‘ಎನ್’ ಮಾಡಿರಿ.