ಶಿಲುಬೆಯ ಸಾವು ಮತ್ತು ದೇವರ ಸ್ವಭಾವ

ಶ್ರೋತೃಗಳಿಗೆ ನಮಸ್ಕಾರ. ಕ್ರಿಸ್ತನು ನಮ್ಮ ಪಾಪಗಳಿಗಾಗಿ ಸತ್ತನು ಎಂಬ ಮಾತನ್ನು ನಿಮ್ಮಲ್ಲಿ ಹಲವರು ಪ್ರತಿ ಶುಭ ಶುಕ್ರವಾರ ಕೇಳುತ್ತೀರಿ. ಆದರೆ ಆ ಸಾವು ಪಾಪವನ್ನು ಹೇಗೆ ಕಳೆಯಿತು ಎಂಬುದಕ್ಕೆ ಆದಿಸಭೆಯ ಯಾವ ಮಹಾಸಭೆಯೂ ಒಂದೇ ಉತ್ತರವನ್ನು ಕಡ್ಡಾಯ ಮಾಡಲಿಲ್ಲ. 325ರಲ್ಲಿ ನಿಕೇಯದ ಮಹಾಸಭೆ ಒಪ್ಪಿದ ವಿಶ್ವಾಸಪ್ರಮಾಣವು 'ನಮ್ಮ ರಕ್ಷಣೆಗಾಗಿ' ಎಂದಷ್ಟೇ ಹೇಳಿ ಮುಂದೆ ಸಾಗುತ್ತದೆ. ಆದ್ದರಿಂದಲೇ ಇಷ್ಟೊಂದು ಸಿದ್ಧಾಂತಗಳು ಹುಟ್ಟಿದವು. ಅವುಗಳಲ್ಲಿ ಯಾವುದನ್ನು ಕೇಳಿದರೂ ದಯವಿಟ್ಟು ಒಂದು ಪ್ರಶ್ನೆಯನ್ನು ಹಾಕಿ: ಇದನ್ನು ನಂಬಿದರೆ ದೇವರು ಎಂಥವನಾಗಿ ಕಾಣುತ್ತಾನೆ?

ತನ್ನ ಪ್ರಾಣವನ್ನು ಅನೇಕರಿಗಾಗಿ ಈಡಾಗಿ, ಅಂದರೆ ಬಿಡುಗಡೆಯ ಬೆಲೆಯಾಗಿ, ಕೊಡಲು ಬಂದೆನೆಂದು ಯೇಸು ಹೇಳಿದ್ದು ಮಾರ್ಕನ ಸುವಾರ್ತೆಯಲ್ಲಿದೆ. ಈಡು ಯಾರಿಗೆ? ಸೈತಾನನಿಗೆ ಎಂದರು ಪ್ರಾಚೀನರಲ್ಲಿ ಕೆಲವರು. ಕ್ರಿಸ್ತನ ದೇಹವೆಂಬ ಎರೆಯೊಳಗೆ ದೈವತ್ವವೆಂಬ ಗಾಳವಿತ್ತು, ಸೈತಾನನು ಅದನ್ನು ನುಂಗಿ ಸಿಕ್ಕಿಬಿದ್ದನು ಎಂದು ನಾಲ್ಕನೆಯ ಶತಮಾನದ ಬಿಷಪ್ ನಿಸ್ಸಾದ ಗ್ರೆಗೊರಿ ವಿವರಿಸಿದನು. ಮನಸ್ಸಿನಲ್ಲಿ ನಿಲ್ಲುವ ಚಿತ್ರ ನಿಜ, ಆದರೆ ದೇವರು ಇಲ್ಲಿ ಮೋಸಗಾರನಾಗುತ್ತಾನೆ. ದರೋಡೆಕೋರನಿಗೆ ಈಡು ಕೊಡುವುದೇ ಎಂದು ಅವನ ಸಮಕಾಲೀನನಾದ ನಾಜಿಯಾಂಜಸಿನ ಗ್ರೆಗೊರಿ ಆಗಲೇ ಕಿಡಿಕಾರಿದ್ದನು.

ನನಗೆ ಅತ್ಯಂತ ಪ್ರಿಯವಾದ ಪ್ರಸಂಗ ಕ್ಯಾಂಟರ್ಬರಿಯ ಆನ್ಸೆಲ್ಮನದು. ಆ ಆರ್ಚ್‌ಬಿಷಪ್ 1097ರಲ್ಲಿ ಇಂಗ್ಲೆಂಡಿನ ದೊರೆಯೊಡನೆ ವಿರಸ ಬೆಳೆದು ದೇಶ ಬಿಟ್ಟನು. ಮರುವರ್ಷ ಇಟಲಿಯ ಕಾಪುವಾ ಬಳಿಯ ಬೆಟ್ಟದೂರೊಂದರಲ್ಲಿ, ಬೇಸಿಗೆಯ ಧಗೆಯಿಂದ ದೂರವಾಗಿ, 'ದೇವರು ಏಕೆ ಮನುಷ್ಯನಾದನು' ಎಂಬ ಗ್ರಂಥವನ್ನು ಮುಗಿಸಿದನು. ನೀರಿಗೆ ಪರದಾಡುತ್ತಿದ್ದ ಆ ಊರಿನಲ್ಲಿ ಬಾವಿಗೆ ಜಾಗ ತೋರಿಸಿದವನೂ ಅವನೇ ಎಂದು ಜೊತೆಗಿದ್ದ ಸನ್ಯಾಸಿ ಎಡ್ಮರ್ ಬರೆದಿದ್ದಾನೆ. ಗ್ರಂಥದಲ್ಲಿ ಬೋಸೋ ಎಂಬ ಸನ್ಯಾಸಿ ಪ್ರಶ್ನಿಸುತ್ತಾನೆ: ಪಶ್ಚಾತ್ತಾಪ ಪಟ್ಟರೆ ಸಾಲದೇ? ಪಾಪದ ಭಾರ ಎಷ್ಟೆಂದು ನೀನಿನ್ನೂ ಎಣಿಸಿಲ್ಲ ಎನ್ನುತ್ತಾನೆ ಆನ್ಸೆಲ್ಮ್. ಬಳಿಕ ಒಂದು ಸಂದರ್ಭವನ್ನು ಮುಂದಿಡುತ್ತಾನೆ. ನೀನು ದೇವರ ಸನ್ನಿಧಿಯಲ್ಲಿ ನಿಂತಿದ್ದೀಯೆ. ಅತ್ತ ನೋಡು ಎಂದು ಯಾರೋ ಹೇಳುತ್ತಾರೆ, ನೋಡಬೇಡ ಎಂದು ದೇವರು ಹೇಳುತ್ತಾನೆ. ನೋಡದಿದ್ದರೆ ಇಡೀ ಜಗತ್ತೇ ನಾಶವಾಗುವುದಾದರೆ ನೋಡುತ್ತೀಯಾ? ಜಗತ್ತನ್ನು ಉಳಿಸುವುದಕ್ಕಾಗಿಯೂ ಆ ಒಂದು ನೋಟ ಸಲ್ಲದು ಎಂದು ಬೋಸೋ ಒಪ್ಪಲೇಬೇಕಾಗುತ್ತದೆ. ಹಾಗಾದರೆ ಪಾಪದ ಋಣ ಜಗತ್ತಿಗಿಂತಲೂ ದೊಡ್ಡದು. ತೀರಿಸಬೇಕಾದವನು ಮನುಷ್ಯ, ತೀರಿಸಬಲ್ಲವನು ದೇವರು, ಆದ್ದರಿಂದ ದೇವಮಾನವನೇ ಬೇಕಾಯಿತು.

ಈ ತರ್ಕದ ಬಿಗಿ ನನ್ನನ್ನು ಇಂದಿಗೂ ಸೆಳೆಯುತ್ತದೆ. ಮನುಷ್ಯರ ಮೇಲೆ ಸೈತಾನನಿಗೆ ಇದೆಯೆನ್ನಲಾದ ಹಕ್ಕನ್ನು ಅದು ಬುಡಸಮೇತ ಕಿತ್ತುಹಾಕಿತು, ಪಾಪವನ್ನು ಹಗುರವಾಗಿ ಕಾಣುವವರ ಬಾಯಿ ಮುಚ್ಚಿಸಿತು. ಆದರೂ ನಮ್ಮ ಪ್ರಶ್ನೆ ಇದ್ದೇ ಇದೆ: ದೇವರು ಎಂಥವನಾಗಿ ಕಾಣುತ್ತಾನೆ? ತನ್ನ ಮರ್ಯಾದೆಗೆ ತಕ್ಕ ಪರಿಹಾರ ಸಲ್ಲದೆ ಕ್ಷಮಿಸದ ಮಧ್ಯಯುಗದ ಒಡೆಯನ ಛಾಯೆ ಅವನ ಮೇಲೆ ಬೀಳುತ್ತದೆ. ಲೂಕನ ಸುವಾರ್ತೆಯಲ್ಲಿ, ಆಸ್ತಿ ಕಳೆದು ಬಂದ ಮಗನನ್ನು ಕಂಡು ಓಡಿಹೋಗಿ ಅಪ್ಪಿಕೊಂಡ ತಂದೆ ಯಾವ ಲೆಕ್ಕವನ್ನೂ ಕೇಳಲಿಲ್ಲ.

ಸಮಯ ಕಡಿಮೆ ಇರುವುದರಿಂದ ಉಳಿದವನ್ನು ಬೇಗ ಹೇಳುತ್ತೇನೆ. 1142ರಲ್ಲಿ ತೀರಿಕೊಂಡ ಫ್ರಾನ್ಸಿನ ದೇವತಾಶಾಸ್ತ್ರಜ್ಞ ಅಬೆಲಾರ್ಡ್, ನಿರಪರಾಧಿಯ ರಕ್ತವನ್ನು ಬೆಲೆಯಾಗಿ ಕೇಳುವುದು ಕ್ರೌರ್ಯವಲ್ಲವೇ ಎಂದು ಕೇಳಿ, ಶಿಲುಬೆಯ ಪ್ರೀತಿಯೇ ನಮ್ಮನ್ನು ಬದಲಿಸುತ್ತದೆ ಎಂದನು. ಇಲ್ಲಿ ದೇವರು ಪ್ರೀತಿಸ್ವರೂಪನೇ ಸರಿ. ಆದರೆ ಆ ಸಾವಿನಿಂದ ನಮ್ಮ ಮನಸ್ಸಿನ ಹೊರಗೆ ಏನೂ ಆಗದಿದ್ದರೆ ಅದನ್ನು ಪ್ರೀತಿಯ ಕೃತ್ಯವೆನ್ನುವುದು ಹೇಗೆ? ನಮಗೆ ಬರಬೇಕಾದ ಶಿಕ್ಷೆಯನ್ನು ಕ್ರಿಸ್ತನು ಹೊತ್ತನು ಎಂಬ, ಹದಿನಾರನೆಯ ಶತಮಾನದ ಸುಧಾರಕ ಕ್ಯಾಲ್ವಿನನ ಬೋಧನೆ ತಪ್ಪಿತಸ್ಥ ಮನಸ್ಸಿಗೆ ಕೊಡುವ ನೆಮ್ಮದಿ ಬಹಳ ದೊಡ್ಡದು. ಅದನ್ನು ಸಿಟ್ಟಿನ ತಂದೆ, ಕರುಣೆಯ ಮಗ ಎಂದು ಎರಡಾಗಿ ಸೀಳಿ ಸಾರುವ ಪ್ರಸಂಗಿಗಳು, ದೇವರೇ ಕ್ರಿಸ್ತನಲ್ಲಿದ್ದು ಲೋಕವನ್ನು ತನ್ನೊಡನೆ ಸಮಾಧಾನಪಡಿಸಿಕೊಂಡನು ಎಂಬ ಪೌಲನ ಮಾತನ್ನು ಮತ್ತೊಮ್ಮೆ ಓದಬೇಕು. 1930ರಲ್ಲಿ ಸ್ವೀಡನ್ನಿನ ದೇವತಾಶಾಸ್ತ್ರಜ್ಞ ಗುಸ್ತಾಫ್ ಔಲೆನ್, ಕ್ರಿಸ್ತನು ಪಾಪ, ಮರಣ, ಸೈತಾನರನ್ನು ಗೆದ್ದ ವಿಜಯಿ ಎಂಬ ಪ್ರಾಚೀನರ ದರ್ಶನವನ್ನು ಮತ್ತೆ ಮುಂದಿಟ್ಟಾಗ ಪುನರುತ್ಥಾನಕ್ಕೆ ತಕ್ಕ ಸ್ಥಾನ ದೊರಕಿತು. ಅಲ್ಲಿ ದೇವರು ತಾನೇ ಕಣಕ್ಕಿಳಿದು ಹೋರಾಡುತ್ತಾನೆ, ಅದು ನನಗೆ ಒಪ್ಪಿಗೆ. ನಾನೇ ಮಾಡಿದ ತಪ್ಪಿನ ಗತಿಯೇನು ಎಂಬುದಕ್ಕೆ ಮಾತ್ರ ಆನ್ಸೆಲ್ಮನ ಬಳಿಗೇ ಹಿಂದಿರುಗಬೇಕಾಗುತ್ತದೆ.