ಇಲಿಗಳಿಗೆ ಯಾರು ಹೇಳಿಕೊಟ್ಟರು?

ಕೇಳುಗರಿಗೆ ನಮಸ್ಕಾರ.

ತೊಗರಿ, ಕಡಲೆ ಗಿಡಗಳ ಮೇಲೆ ಕೆಲಸ ಮಾಡುತ್ತಿದ್ದ ಇಂಗ್ಲೆಂಡಿನ ವಿಜ್ಞಾನಿಯೊಬ್ಬರ ಬಗ್ಗೆ ಇವತ್ತು ಮಾತಾಡೋಣ. ಹೆಸರು ರೂಪರ್ಟ್ ಶೆಲ್ಡ್ರೇಕ್. ಕೇಂಬ್ರಿಜ್‌ನಲ್ಲಿ ಓದಿದವರು. 1974ರಲ್ಲಿ ಹೈದರಾಬಾದ್ ಹತ್ತಿರದ ಇಕ್ರಿಸ್ಯಾಟ್ ಎಂಬ ಬೆಳೆ ಸಂಶೋಧನಾ ಸಂಸ್ಥೆಗೆ ಬಂದರು. ಆಮೇಲೆ ತಮಿಳುನಾಡಿನಲ್ಲಿ, ನಮ್ಮ ಕಾವೇರಿಯ ದಡದಲ್ಲೇ ಇರುವ ಶಾಂತಿವನಂ ಆಶ್ರಮದಲ್ಲಿ ಕೂತು ಒಂದು ಪುಸ್ತಕ ಬರೆದರು. 1981ರಲ್ಲಿ ಅದು ಹೊರಬಂದಾಗ, ಇದೇನು ಸುಡಬೇಕಾದ ಪುಸ್ತಕವೇ ಎಂದು ‘ನೇಚರ್’ ವಿಜ್ಞಾನ ಪತ್ರಿಕೆ ತಲೆಬರಹದಲ್ಲೇ ಕೇಳಿತು. ಸುಡಬೇಡಿ ಅಂತಲೇ ಸಂಪಾದಕರು ಬರೆದರು, ಆದರೆ ಬೈಗುಳಕ್ಕೇನೂ ಕಡಿಮೆ ಮಾಡಲಿಲ್ಲ.

ಅಷ್ಟೊಂದು ಸಿಟ್ಟು ಯಾಕೆ? ಶೆಲ್ಡ್ರೇಕ್ ಪ್ರಕಾರ, ಒಂದು ಜಾತಿಯ ಕೆಲವು ಪ್ರಾಣಿಗಳು ಏನನ್ನಾದರೂ ಕಲಿತರೆ, ಅದೇ ಜಾತಿಯ ಉಳಿದವಕ್ಕೂ ಅದು ಸುಲಭವಾಗುತ್ತದೆ. ಅವು ಎಲ್ಲೇ ಇರಲಿ, ಒಂದನ್ನೊಂದು ನೋಡದೇ ಇರಲಿ. ಹರಳುಗಳಿಗೂ ಇಂಥ ನೆನಪು ಉಂಟಂತೆ! ಇದಕ್ಕೆ ಅವರಿಟ್ಟ ಹೆಸರು ಮಾರ್ಫಿಕ್ ರೆಸೊನೆನ್ಸ್.

ಅವರು ಹಿಡಿದ ದೊಡ್ಡ ಸಾಕ್ಷಿ ಇಲಿಗಳದು. 1920ರ ದಶಕದಲ್ಲಿ ಹಾರ್ವರ್ಡ್‌ನ ಮನಶ್ಶಾಸ್ತ್ರಜ್ಞ ವಿಲಿಯಂ ಮೆಕ್‌ಡೂಗಲ್ ಇಲಿಗಳನ್ನು ನೀರಿನ ತೊಟ್ಟಿಗೆ ಬಿಟ್ಟರು. ಹೊರಬರಲು ಎರಡು ದಾರಿ. ಬೆಳಕಿದ್ದ ಕಡೆ ಹತ್ತಿದರೆ ಕರೆಂಟ್ ಹೊಡೆಯುತ್ತಿತ್ತು. ಮಬ್ಬಾದ ಕಡೆ ಏನೂ ಆಗುತ್ತಿರಲಿಲ್ಲ. ತಲೆಮಾರು ಕಳೆದಂತೆ ಇಲಿಗಳ ತಪ್ಪು ಕಡಿಮೆಯಾಯಿತು. ಅಪ್ಪ ಅಮ್ಮ ಕಲಿತದ್ದು ಮರಿಗಳಿಗೆ ಇಳಿದು ಬಂತು ಅಂದುಕೊಂಡರು ಮೆಕ್‌ಡೂಗಲ್. ಮೆಲ್ಬರ್ನ್‌ನಲ್ಲಿ ಏಗರ್ ಮತ್ತು ಸಂಗಡಿಗರು ಸುಮಾರು 20 ವರ್ಷ ಇದನ್ನೇ ಮಾಡಿ ನೋಡಿದರು. ಜೊತೆಗೆ, ತರಬೇತಿಯೇ ಇಲ್ಲದ ಇಲಿಗಳ ಸಂತತಿಯನ್ನೂ ಪಕ್ಕದಲ್ಲಿ ಸಾಕಿದರು. ನೋಡಿದರೆ ಅವುಗಳ ಮರಿಗಳೂ ಚುರುಕಾಗಿದ್ದವು!

ಅಲ್ಲಿಗೆ ಮೆಕ್‌ಡೂಗಲ್ ಮಾತು ಬಿದ್ದುಹೋಯಿತು. ಶೆಲ್ಡ್ರೇಕ್ ಮಾತ್ರ, ನಾನು ಹೇಳುವುದೂ ಇದನ್ನೇ ಅಲ್ವಾ ಅಂದರು. ನನಗೆ ಏಗರ್ ಕೊಟ್ಟ ಕಾರಣವೇ ಜಾಸ್ತಿ ಸರಿ ಕಾಣುತ್ತದೆ. ಇಲಿಗಳ ಆರೋಗ್ಯ ಏರಿಳಿದಂತೆ ಕಲಿಕೆಯೂ ಏರಿಳಿಯಿತು ಎಂದರು ಅವರು. ನೆನಪು ಕೂಡುತ್ತಲೇ ಹೋಗುವುದಾದರೆ ನಡುವೆ ಇಳಿಯುವುದು ಯಾಕೆ?

1990ರಲ್ಲಿ ಮೆದುಳಿನ ವಿಜ್ಞಾನಿ ಸ್ಟೀವನ್ ರೋಸ್, ಶೆಲ್ಡ್ರೇಕ್ ಜೊತೆ ಮಾತಾಡಿಕೊಂಡೇ ಕೋಳಿಮರಿಗಳ ಮೇಲೆ ಒಂದು ಪ್ರಯೋಗ ಮಾಡಿದರು. ಹಳದಿ ದೀಪ ಕುಕ್ಕಿದ ಮರಿಗಳಿಗೆ ಹೊಟ್ಟೆ ಕೆಡಿಸುವ ಮದ್ದು ಕೊಟ್ಟರು. ದಿನ ಕಳೆದಂತೆ ಹೊಸ ಮರಿಗಳು ತಾವಾಗಿಯೇ ಆ ದೀಪಕ್ಕೆ ಹಿಂಜರಿಯುತ್ತವೆಯೇ ಎಂಬುದು ಪ್ರಶ್ನೆ. ಪ್ರಯೋಗದಲ್ಲಿ ಸಿಕ್ಕ ಅಂಕಿಅಂಶ ಇಬ್ಬರಿಗೂ ಒಂದೇ. ಸಿದ್ಧಾಂತ ಸುಳ್ಳಾಯಿತು ಎಂದು ರೋಸ್ ಬರೆದರು, ನಿಜವಾಯಿತು ಎಂದು ಶೆಲ್ಡ್ರೇಕ್ ಬರೆದರು.

ನಮಸ್ಕಾರ.